ಇಬ್ಬರು ಕೋಚು, ಒಂದೇ ಜೊತೆ ಕಾಲು

ದಣಿದ ಮನುಷ್ಯನನ್ನೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನಾನು ಕಳೆದ ಬೇಸಿಗೆಯಿಂದ ದಣಿದೇ ಇದ್ದೇನೆ, ಹಾಗಾಗಿ ನನ್ನ ಹತ್ತಿರ ಬೇಕಾದಷ್ಟಿವೆ. ಕೆಳಗಿನದರಲ್ಲಿ ಅರ್ಧ ಖರೇ. ಯಾವ ಅರ್ಧ ಅಂತ ಕೇಳಬೇಡಿ, ನನಗೂ ಈಗ ಗೊತ್ತಾಗುತ್ತಿಲ್ಲ.

೧. ಬಾಯಿ ಮಾಡಿದ್ದು, ಕಾಲು ಉಂಡಿದ್ದು

ಕೊಟ್ಟೂರಿನಲ್ಲಿ ನನ್ನದೊಂದು ಪೈಪು, ಪಂಪುಗಳ ಅಂಗಡಿ. ವಯಸ್ಸು ಐವತ್ತರ ಸುತ್ತಮುತ್ತ. ನೀರು ಬಿಡದ ದಿನ "ನಲ್ಲಿ ಬಿಟ್ಟಾರ!" ಅಂತ ಸುಳ್ಳೇ ಕೂಗಿ ಇಡೀ ಓಣಿಯನ್ನು ಕೊಡ ಹಿಡಿಸಿ ಸಾಲಾಗಿ ನಿಲ್ಲಿಸಿದವನು ನಾನೇ. ಇಂಥ ಸಾಧನೆಗಳ ಫಲವೇನೆಂದರೆ, ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಮಳೆ ಬರಾಕತ್ತೈತಿ ಅಂದರೂ ನನ್ನ ಹೆಂಡತಿ ಕಿಟಕಿಯಿಂದ ಕೈ ಚಾಚಿ ನೋಡುತ್ತಾಳೆ. ಕೈ ಒದ್ದೆಯಾದರೂ ಪಕ್ಕದ ಮನೆಯವಳನ್ನು ಒಂದು ಮಾತು ಕೇಳುತ್ತಾಳೆ.

ಡಾಕ್ಟರು "ಶುಗರ್ ಐತಿ, ದಿನಾ ನಡೀರಿ" ಅಂದ ದಿನ ನಾನು ಸುಮ್ಮನಿರಬೇಕಿತ್ತು. "ನಡಿಯೋದೇನು, ಹಗರಿಬೊಮ್ಮನಹಳ್ಳ್ಯಾಗ ಓಟ-ಸೈಕಲ್-ಓಟ ಸ್ಪರ್ಧೆ ಐತಿ. ಹೆಸರು ಕೊಟ್ಟೀನಿ" ಅಂದುಬಿಟ್ಟೆ. ಕೊಟ್ಟಿರಲಿಲ್ಲ. ಹೆಂಡತಿ ನಗಲೂ ಇಲ್ಲ, ಅದೇ ನನಗೆ ಚುಚ್ಚಿದ್ದು.

"ಅದನ್ನ ಖರೇನ ಓಡಿ ಮುಗಿಸ್ರಿ. ಅವತ್ತಿನಿಂದ ನಿಮ್ಮ ಮಾತು ಅಂದ್ರ ಮಾತು. ಪಕ್ಕದ್ಮನಿಗೆ ಹೋಗಿ ಕೇಳಂಗಿಲ್ಲ" ಅಂದಳು.

ಮದುವೆಯಾದಾಗಿನಿಂದ ನನಗೆ ಯಾರೂ ಇಂಥ ದೊಡ್ಡ ಬಹುಮಾನ ಇಟ್ಟಿರಲಿಲ್ಲ. ಓಡಿಹೋಗಿ ಹೆಸರು ಕೊಟ್ಟೆ. ಆವತ್ತಿನ ತರಬೇತಿ ಅಷ್ಟೇ ಸಾಕಿತ್ತು, ಆದರೆ ಯಾರೂ ಒಪ್ಪಲಿಲ್ಲ.

೨. ರೆಸ್ಟು

ಓಟಕ್ಕೆ ಹರಪನಹಳ್ಳಿಯ ಡ್ರಿಲ್ ಮೇಷ್ಟ್ರು ಸಿಕ್ಕರು. ರಿಟೈರ್ ಆಗಿದ್ದರೂ ಸೀಟಿ ಕೊರಳಲ್ಲೇ ಇದೆ. ಸೈಕಲ್ಲಿಗೆ ಕೂಡ್ಲಿಗಿಯ ಬ್ಯಾಂಕಿನ ಮೇಡಂ. ವಿಜಯಪುರದ ಕಡೆಯವರು, ಸೈಕಲ್ ರೇಸುಗಳಲ್ಲಿ ಗೆದ್ದವರು. ನಾನು ಹಲ್ಲುಜ್ಜುವುದರೊಳಗೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ತುಳಿದುಕೊಂಡು ಬಂದು ಬಾಗಿಲಲ್ಲಿ ಬೆಲ್ ಹೊಡೆಯುತ್ತಿದ್ದರು.

ಮೇಷ್ಟ್ರು ಹೇಳುತ್ತಿದ್ದರು: "ನಾಳೆ ಓಟ ಇಲ್ಲ, ಪೂರಾ ರೆಸ್ಟು. ಬೇಕಾದ್ರೆ ಒಂಚೂರು ಸೈಕಲ್ ತುಳೀರಿ."

ಮೇಡಂ ಹೇಳುತ್ತಿದ್ದರು: "ನಾಳೆ ಸೈಕಲ್ ಮುಟ್ಟಬ್ಯಾಡ್ರಿ, ರೆಸ್ಟ್ ತಗೋರಿ. ಹಂಗ ಸುಮ್ನ ಒಂದೀಟು ಓಡ್ರಿ, ಸಾಕು."

ಹೀಗೆ ಇಬ್ಬರೂ ಧಾರಾಳವಾಗಿ ರೆಸ್ಟು ಕೊಡುತ್ತಿದ್ದರು, ನನಗೆ ಮಾತ್ರ ಮಲಗಲು ಒಂದು ದಿನವೂ ಇರಲಿಲ್ಲ. ಕೊನೆಗೆ ನಾನೇ ದಾರಿ ಮಾಡಿಕೊಂಡೆ. ಮೇಷ್ಟ್ರಿಗೆ "ಮೇಡಂ ತುಳಿಸಿ ತುಳಿಸಿ ತೊಡಿ ಬಿಗಿದಾವ್ರಿ" ಅಂದೆ. ಮೇಡಂಗೆ "ಮೇಷ್ಟ್ರು ಓಡಿಸಿ ಓಡಿಸಿ ಮೀನಖಂಡ ಹಿಡದಾವ್ರಿ" ಅಂದೆ. ಇಬ್ಬರೂ ಕನಿಕರಿಸಿದರು. ಮುಂದಿನ ಹದಿನೈದು ದಿನ ಹೊದ್ದುಕೊಂಡು ಮಲಗಿದ ಸುಖ ಏನು ಹೇಳಲಿ!

ಕೆಟ್ಟಿದ್ದು ಹಡಗಲಿಯ ಒಂದು ಮದುವೆಯಲ್ಲಿ. ಊಟದ ಸಾಲಿನಲ್ಲಿ ನಾನು ನಡುವೆ ಕುಂತಿದ್ದೆ, ಆ ಕಡೆ ಮೇಷ್ಟ್ರು, ಈ ಕಡೆ ಮೇಡಂ. ಗೋಧಿ ಹುಗ್ಗಿ ಬಿದ್ದಿತ್ತು. ಮೇಷ್ಟ್ರು ನನ್ನ ತಲೆಯ ಮೇಲಿಂದಲೇ ಅಂದರು: "ಏನಮ್ಮಾ, ಇವ್ರನ್ನ ಅಷ್ಟು ತುಳಿಸಬೇಡ. ಓಡೋಕೆ ಕಾಲೇ ಇಲ್ಲ ಅಂತಾರೆ."

"ನಾ ಎಲ್ಲಿ ತುಳಿಸೀನ್ರಿ ಸರ್? ನೀವ ಓಡಿಸಿ ಓಡಿಸಿ ಕಾಲು ತಗದೀರಿ ಅಂತ ಇವ್ರ ಹೇಳ್ಯಾರಲ್ಲ!"

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಡಿಸುವವನ ಕಡೆ ತಿರುಗಿ "ಇನ್ನೀಟು ಹುಗ್ಗಿ ಹಾಕಪ್ಪಾ" ಅಂದೆ.

ಎಲೆ ಎತ್ತುವುದರೊಳಗೆ ತೀರ್ಪಾಯಿತು. ಇನ್ನು ಮೇಲೆ ಬೆಳಿಗ್ಗೆ ಸೈಕಲ್ಲು, ಇಳಿದ ಕೂಡಲೇ ಓಟ. ನಡುವೆ ಒಂದು ಸುಳ್ಳು ಹೇಳುವಷ್ಟೂ ಜಾಗವಿಲ್ಲ.

೩. ಬಸ್ಸು

ನಮ್ಮ ಕಡೆ ನಡುವಯಸ್ಸಿನ ಮನುಷ್ಯ ರಸ್ತೆಯಲ್ಲಿ ಓಡಿದರೆ ಬಸ್ಸು ತಪ್ಪಿರಬೇಕು, ಇಲ್ಲವೇ ಮನೆಯಲ್ಲಿ ಯಾರಿಗೋ ಏನೋ ಆಗಿರಬೇಕು. ಚಿಗಟೇರಿಯ ಕಡೆಯಿಂದ ಊರಿಗೆ ವಾಪಸ್ ಓಡುತ್ತಿದ್ದೆ. ಓಡುತ್ತಿದ್ದೆ ಅನ್ನುವುದು ನನ್ನ ಮಾತು, ನೋಡಿದವರು ಬೇರೆ ಹೇಳಬಹುದು. ಹಿಂದಿನಿಂದ ಬಂದ ಹರಪನಹಳ್ಳಿ-ಕೊಟ್ಟೂರು ಬಸ್ಸು ನನ್ನನ್ನು ದಾಟಿ ಗಕ್ಕನೆ ನಿಂತಿತು.

ಕಂಡಕ್ಟರು ಬಾಗಿಲಿಗೆ ಜೋತುಬಿದ್ದು "ಬರ್ರಿ ಬರ್ರಿ, ಸಾವಕಾಶ ಬರ್ರಿ, ಬಿಟ್ಟು ಹೋಗಂಗಿಲ್ಲ!" ಅಂತ ಕೂಗಿದ.

"ಇಲ್ಲಪ್ಪಾ, ನಾ ಸುಮ್ನ ಓಡಾಕತ್ತೀನಿ."

"ಸುಮ್ನ ಯಾರ್ ಓಡ್ತಾರ್ರೀ, ಈ ಬಿಸಲಾಗ? ಯಾರಿಗೆ ಏನಾಗೇತಿ? ಹತ್ರಿ ಮೊದ್ಲು."

ಒಳಗಿನಿಂದ ಒಬ್ಬ ಅಜ್ಜಿ "ಅಯ್ಯೋ ಪಾಪ, ಬೆವರು ನೋಡ್ರೆ" ಅಂತ ಸೀಟು ಬಿಟ್ಟುಕೊಟ್ಟಳು. ಅಷ್ಟು ಪ್ರೀತಿಗೆ ಇಲ್ಲ ಅನ್ನಲು ನಾನೇನು ಕಲ್ಲೇ? ಹತ್ತಿ ಕುಂತು ಕಣ್ಣು ಮುಚ್ಚಿದೆ. ಹಿಂದಿನ ಸೀಟಿನಿಂದ ಕಿವಿಯ ಹತ್ತಿರವೇ ಸೀಟಿ ಕೂಗಿತು.

ನಾನು ಓಡುವುದನ್ನು ನೋಡಲು ಮೇಷ್ಟ್ರು ಅದೇ ಬಸ್ಸಿನಲ್ಲಿ ಬರುತ್ತಿದ್ದರು.

೪. ಮಾದರಿ ಓಟ

ಆಮೇಲೆ ಮೇಡಂ ನನ್ನ ಕೈಗೊಂದು ವಾಚು ಕಟ್ಟಿದರು. ಎಲ್ಲೆಲ್ಲಿ ಹೋದೆ, ಎಷ್ಟು ಜೋರು ಹೋದೆ ಅಂತ ಎಲ್ಲವನ್ನೂ ಅದು ಅವರಿಬ್ಬರ ಫೋನಿಗೆ ಕಳಿಸುತ್ತದೆ. ಹೆಂಡತಿ, ಇಬ್ಬರು ಕೋಚು, ಈಗ ಈ ವಾಚು ಬೇರೆ!

ಕುರಿ ಸಾಕುವ ನನ್ನ ಗೆಳೆಯನ ಹತ್ತಿರ ಹೋಗಿ, ಅವನ ಹಿಂಡಿನ ಟಗರಿನ ಕೊರಳಿಗೆ ವಾಚು ಕಟ್ಟಿದೆ.

"ಲೇ, ಟಗರಿಗೆ ಟೈಮ್ ನೋಡಾಕ ಬರತೈತೇನಲೇ?" ಅಂದ ಅವನು.

"ನಿನಗಿಂತ ಚಲೋ ನೋಡತೈತಿ, ಬಿಡಲೇ" ಅಂದು ಅಲ್ಲೇ ಬೇವಿನ ಮರದ ಕೆಳಗೆ ಉರುಳಿದೆ.

ಸಂಜೆ ಮೇಷ್ಟ್ರ ಫೋನು ಬಂತು. ಸಿಕ್ಕಿಬಿದ್ದೆ ಅಂದುಕೊಂಡೇ ಎತ್ತಿದೆ. ಮೇಷ್ಟ್ರು ಮಾತ್ರ ಹಿಗ್ಗಿ ಹೀರೇಕಾಯಿ ಆಗಿದ್ದರು. "ನಿಧಾನ ಓಡ್ರಿ, ನಿಧಾನ ಓಡ್ರಿ ಅಂತ ಎಷ್ಟು ಬಡ್ಕೊಂಡೆ ನಾನು! ಇವತ್ತು ನೋಡ್ರಿ. ಅವಸರ ಇಲ್ಲ, ಏದುಸಿರು ಇಲ್ಲ, ದಿನಪೂರ್ತಿ ಕಾಲಾಡಿಸೀರಿ! ಮಧ್ಯಾಹ್ನ ನೆರಳಲ್ಲಿ ಕೂತು ಸುಧಾರಿಸ್ಕೊಂಡೀರಿ. ಇದಪ್ಪಾ ತಾಳ್ಮೆ ಅಂದ್ರೆ!"

ತಮ್ಮ ಹಳೇ ಶಿಷ್ಯರ ವಾಟ್ಸಾಪ್ ಗುಂಪಿಗೂ ಅದನ್ನು ಹಾಕಿದರಂತೆ. ಆ ಶಿಷ್ಯರಿರುವ ತೆಲಿಗಿಯ ಕಡೆ ಇವತ್ತಿಗೂ ಎಷ್ಟೋ ಹುಡುಗರು ಆ ಟಗರನ್ನು ನೋಡಿ ಓಟ ಕಲಿಯುತ್ತಿದ್ದಾರೆ.

೫. ಕೊನೆಯವನು

ಟಗರಿನ ಸುದ್ದಿಯನ್ನು ಗೆಳೆಯನೇ ಊರಿಗೆಲ್ಲ ಹಂಚಿದ. ಹಾಗಾಗಿ ಸ್ಪರ್ಧೆಯ ದಿನ ಹಗರಿಬೊಮ್ಮನಹಳ್ಳಿಯ ಮೈದಾನದಲ್ಲಿ ನನ್ನನ್ನು ನಂಬುವವರು ಒಬ್ಬರೂ ಇರಲಿಲ್ಲ. ಗೆಳೆಯ ನೋಡಲೆಂದೇ ಬಂದಿದ್ದ. ಹೆಂಡತಿ ಪಕ್ಕದ ಮನೆಯವಳನ್ನೂ ಕರೆದುಕೊಂಡು ಬಂದಿದ್ದಳು, ಸಾಕ್ಷಿಗೆ.

ಮೊದಲ ಓಟ ಹೇಗೋ ಮುಗಿಯಿತು. ಕೋಗಳಿಯ ಕಡೆ ಹೋಗಿ ಬರುವ ಸೈಕಲ್ ದಾರಿಯಲ್ಲಿ ಎದುರುಗಾಳಿ. ಎಲ್ಲರೂ ಮುಂದೆ ಹೋದರು, ರಸ್ತೆ ಖಾಲಿಯಾಯಿತು. ಹಿಂದಿನಿಂದ ಒಂದು ಟ್ರ್ಯಾಕ್ಟರು ಬಂದು ನಿಂತಿತು.

"ಹತ್ರಿ ಸಾವ್ಕಾರ್ರ. ಸೈಕಲ್ಲೂ ಟ್ರೇಲರ್‌ನ್ಯಾಗ ಒಗೀರಿ. ಮೈದಾನದ ತನಕ ಬಿಡ್ತೀನಿ. ಯಾರು ನೋಡ್ತಾರ?"

ಯಾರೂ ನೋಡುತ್ತಿರಲಿಲ್ಲ. ಟ್ರೇಲರಿನಲ್ಲಿ ಮೆತ್ತನೆಯ ಮೇವು ಬೇರೆ. ನನ್ನ ಇಡೀ ಜೀವಮಾನ ಆ ಮೇವಿನ ಮೇಲೆ ಮಲಗಿ ನನ್ನನ್ನು ಕರೆಯುತ್ತಿತ್ತು. "ಬ್ಯಾಡಪ್ಪಾ, ಹೋಗು" ಅಂದೆ. ಯಾಕಂದೆನೋ! ಟ್ರ್ಯಾಕ್ಟರು ಕಣ್ಮರೆಯಾಗುವ ತನಕ ಅದನ್ನೇ ನೋಡುತ್ತಾ ತುಳಿದೆ.

ಸೈಕಲ್ ಇಳಿದಾಗ ಕಾಲು ನನ್ನವಾಗಿರಲಿಲ್ಲ. ಯಾರದೋ ಕಾಲನ್ನು ಕಡ ತಂದು ಓಡಿದಂತೆ ಓಡಿದೆ. ಮೈದಾನಕ್ಕೆ ಬಂದಾಗ ಬಹುಮಾನ ಹಂಚಿಯಾಗಿತ್ತು, ಶಾಮಿಯಾನದವರು ಗಳ ಕೀಳುತ್ತಿದ್ದರು. ಓಟ ಮುಗಿಯುವ ಗೆರೆಯ ಸುಣ್ಣವೂ ಅರ್ಧ ಅಳಿಸಿಹೋಗಿತ್ತು. ಉಳಿದಿದ್ದನ್ನು ದಾಟಿ ಅಲ್ಲೇ ಬಿದ್ದೆ.

ಮೇಷ್ಟ್ರು ಬಗ್ಗಿ ಮೆಲ್ಲಗೆ ಕೇಳಿದರು: "ಖರೇ ಹೇಳ್ರಿ. ಎಲ್ಲಿ ಹತ್ತಿ ಎಲ್ಲಿ ಇಳಿದ್ರಿ?"

ಮೇಡಂ ನನ್ನ ಮಣಿಕಟ್ಟು ಎತ್ತಿ ನೋಡಿದರು. "ವಾಚ್ ಏನೋ ಇವ್ರ ಕೈಯಾಗ ಐತ್ರಿ ಸರ್. ಆದ್ರೂ ನಂಬಾಕಾಗವಲ್ದು."

"ಲೇ, ಟಗರು ಎಲ್ಲಿ ಬಿಟ್ಟಿಯಲೇ?" ಅಂದ ಗೆಳೆಯ.

ನಾನು ಬಾಯಿ ತೆರೆದೆ. ಹುಟ್ಟಿದಾಗಿನಿಂದ ಮೊದಲ ಸಲ ಹೇಳಲು ಖರೇ ಮಾತೇ ಇತ್ತು, ಉಸಿರಿರಲಿಲ್ಲ.

ಪಕ್ಕದ ಮನೆಯವಳು ನನ್ನ ಹೆಂಡತಿಯ ಮುಖ ನೋಡಿದಳು. ಇವಳು ಸೆರಗಿನಿಂದ ನನ್ನ ಮುಖ ಒರೆಸಿ, ಎಲ್ಲರಿಗೂ ಕೇಳುವಂತೆ ಅಂದಳು:

"ಖರೇನ ಓಡ್ಯಾರ ಬಿಡ್ರಿ. ಇವ್ರು ಸುಳ್ಳು ಮಾಡಿದ್ರ ಇಷ್ಟೊತ್ತಿಗೆ ಬರ್ತಿದ್ರೇನು? ಮೊದಲ್ನೇ ನಂಬರ್ ಬಂದು, ಉಂಡು, ಮಲಗಿರ್ತಿದ್ರು!"