ನನ್ನ ಸಫಾರಿ ಬಸ್ಸು, ನಮ್ಮವ್ವನ ಹುಲಿ

ಈಗ ಹೇಳೋವಂಥ ಫಜೀತಿ ನನ್ನ ಬಸ್ಸಿನ್ಯಾಗ ವಾರಕ್ಕೊಂದರ ಆಗ್ತಾವ. ಆಗದಿದ್ದ ವಾರ ನನ್ನ ಹೆಂಡ್ತಿನೇ ಕೇಳ್ತಾಳ, "ಯಾಕ್ರಿ, ರಜಾ ಹಾಕಿದ್ರೇನು?" ಅಂತ.

ಹಂಪಿ ಹತ್ರದ ಪ್ರಾಣಿ ಪಾರ್ಕಿನಾಗ ಸಫಾರಿ ಬಸ್ ಡ್ರೈವರ್ ನಾನು. ಅಲ್ಲಿ ಹುಲಿ, ಸಿಂಹ, ಚಿಗರಿ-ಜಿಂಕಿ ಎಲ್ಲಾ ಬಯಲಾಗ ಆರಾಮ ಓಡಾಡ್ಕೊಂಡಿರ್ತಾವ, ಕಬ್ಬಿಣದ ಜಾಳಿಗಿ ಒಳಗ ಕುಂದರೋರು ನಾವು. ಕುಂತು ಕುಂತು ನನ್ನ ಹೊಟ್ಟಿ ಸ್ಟೇರಿಂಗಿಗೆ ತಾಕಾಕ ಹತ್ತೈತಿ. ಅದರ ಚಿಂತಿ ನನಗಿಲ್ಲ. ನನ್ನ ಚಿಂತಿ ನಮ್ಮವ್ವಂದು. ಮಲಪನಗುಡಿ ಊರಾಗಿರೋ ಆಕಿಗೆ ಕಣ್ಣು ಮಂಜಾಗಾಕ ಹತ್ಯಾವ. ಪೂರ್ತಿ ಮಂಜಾಗೋದ್ರೊಳಗ ಮಗಾ ಹುಲಿ ನಡುವ ಗಾಡಿ ಓಡಿಸೋದನ್ನ ಒಮ್ಮಿ ನೋಡ್ಬೇಕು ಅಂತ ಆಕಿ ಆಸೆ.

೧. ಹೋಲ್ಡಾನ್

ಮೊದಲನೇ ಸಲ ಅವ್ವನ್ನ ನನ್ನ ಹಿಂದಿನ ಸೀಟಿಗೇ ಕುಂದರಿಸಿದೆ. "ಹೊರಗ ಏನೂ ಒಗೀಬ್ಯಾಡ್ರಿ, ಶೇಂಗಾ ಸಿಪ್ಪಿ ಸೈತ ಒಗೀಬ್ಯಾಡ್ರಿ, ನನ್ನ ನೌಕ್ರಿ ಹೋಗ್ತೈತಿ" ಅಂತ ದಿನಾ ಹೇಳೋದನ್ನ ಹೇಳಿ ಹೊಂಟೆ. ಸಿಂಹದ ಹತ್ರ ಬರೋದ್ರಾಗ ಹಿಂದಿಂದ ಯಾರೋ ಜಾಳಿಗಿ ದಬದಬ ಬಡಿದ್ರು. "ಹೋಲ್ಡಾನ್! ಹೋಲ್ಡಾನ್!"

ನೋಡ್ತೀನಿ, ಕಂಪ್ಲಿ ಕಡೆ ಅಜ್ಜ ಒಬ್ಬ, ಬಾಳಿಹಣ್ಣಿನ ಚೀಲ ಹೆಗಲಿಗೇರಿಸಿ ಬಾಗಲಾಗ ನಿಂತಾನ.

"ಇಲ್ಲೇ ಇಳಸಪ್ಪ. ಆ ಗುಡ್ಡ ದಾಟಿದ್ರ ನನ್ನ ತಂಗಿ ಊರು."

"ಅಜ್ಜ, ಅಲ್ಲಿ ಸಿಂಹ ಐತಿ!"

"ಐತಿ ಬಿಡು, ಮಕ್ಕೊಂಡೈತಿ. ನಾ ಸಪ್ಪಳ ಮಾಡದಂಗ ಹೋಗ್ತೀನಿ."

ಅಜ್ಜನ್ನ ಒಪ್ಪಿಸಿ ಕುಂದರಿಸೋ ಗದ್ಲಕ್ಕ ಪಕ್ಕದ ಬೇಲಿಯಾಗಿನ ಹುಲಿ ಪೊದಿ ಸೇರಿಬಿಡ್ತು. ಅವ್ವಗ ಕಂಡಿದ್ದು ಬರೇ ಚಿಗರಿ. ಊರಾಗ ಕೇಳಿದೋರಿಗೆಲ್ಲಾ, "ನನ್ನ ಮಗಾ ಚಿಗರಿ ಕಾಯ್ತಾನವಾ" ಅಂದ್ಲಂತ. ಅಜ್ಜ ಇಳಿವಾಗ ನನಗ ಬೈದಿದ್ದು ಬ್ಯಾರೆ. "ಒಂದು ಸ್ಟಾಪಿಗೂ ನಿಲ್ಲಸಂಗಿಲ್ಲ, ಮತ್ತ ಹತ್ತಿದಲ್ಲೇ ತಂದು ಇಳಸ್ತೀರಿ. ಎಂಥಾ ಬಸ್ಸೋ ಮಾರಾಯ!"

೨. ಬರ್ಲಿ, ಬರ್ಲಿ

ಎರಡನೇ ಸಲ ಬಸ್ಸಿನ ತುಂಬಾ ಸಂಡೂರಿನ ಗಣಿ ಕೆಲಸದೋರು, ಹೆಂಡ್ರು ಮಕ್ಕಳ ಸಮೇತ. ಹುಲಿ ಮಸ್ತ್ ಕುಂತಿತ್ತು, ಆದ್ರ ಎಡಗಡೆ. ಅವ್ವ ಬಲಗಡೆ. ಬಲಗಡೆಯೋರೆಲ್ಲಾ, "ಗಾಡಿ ತಿರುಗಸ್ರಿ, ನಾವೇನು ಪಾಪ ಮಾಡೀವಿ?" ಅಂತ ಹೊಯ್ಕೊಂಡ್ರು. ಅವ್ವನ ಸಲುವಾಗಿ ನಾನೂ ಮೆತ್ತಗ ರಿವರ್ಸ್ ಹಾಕಿದೆ.

ಅಷ್ಟರಾಗ ಹಿಂದಿನ ಸೀಟಿನೋನು ಎದ್ದು ನಿಂತ. ಗಣ್ಯಾಗ ಡಂಪರಿಗೆ ರಿವರ್ಸ್ ಹೇಳೋದೇ ಅವನ ಕೆಲ್ಸ ಅಂತ. ಬಸ್ಸಿನ ತಗಡು ದಪ್ ದಪ್ ಬಡಿದು, "ಬರ್ಲಿ... ಬರ್ಲಿ... ರೈಟ್ ಕಟ್... ಬರ್ಲೀ!" ಅಂತ ಶುರು ಹಚ್ಕೊಂಡ. ಅವನ ಮೊದಲನೇ 'ಬರ್ಲಿ'ಗೇ ಹುಲಿ ಎದ್ದು ಹೋಗಿತ್ತು.

"ಲೇ, ಹುಲಿ ಎಲ್ಲೋ?" ಅಂದೆ.

"ಹುಲಿ ನನಗ ಗೊತ್ತಿಲ್ರಿ. ಗಾಡಿ ಮಾತ್ರ ಕರೆಕ್ಟ್ ನಿಂತೈತಿ ನೋಡ್ರಿ!"

೩. ಉಡಿ

"ಸಾಕಪ್ಪ, ನಾ ಇನ್ನ ಬರಂಗಿಲ್ಲ. ನನ್ನ ಹಣೇಬರದಾಗ ಚಿಗರಿನೇ ಬರದೈತಿ" ಅಂದ್ಲು ಅವ್ವ. ಆಕಿನ್ನ ಹೆಂಗರ ಎಬ್ಬಿಸಿ ತರ್ಬೇಕಂತ ಒಂದು ಸುಳ್ಳು ಬಿಟ್ಟೆ. "ಯವ್ವಾ, ಹೆಣ್ಣು ಹುಲಿ ಈಗ ಬಸುರಿ. ಎಲ್ಲೂ ಓಡಾಡಂಗಿಲ್ಲ. ಈ ಸಲ ಕಂಡೇ ಕಾಣ್ತೈತಿ."

ಅವ್ವ ಬಂದ್ಲು. ಬಗಲಾಗ ಒಂದು ಗಂಟು. ಬಸ್ ಹುಲಿ ಬೇಲಿ ಒಳಗ ಹೋದ ಮ್ಯಾಲೆ ಬಿಚ್ಚಿದ್ಲು ನೋಡ್ರಿ: ಹಸರು ಕುಬಸದ ಖಣ, ಹಸರು ಬಳಿ, ಅಕ್ಕಿ, ಕೊಬ್ಬರಿ ಬಟ್ಲು, ಎಲಿ ಅಡಿಕಿ!

"ಏನಬೇ ಇದು?"

"ಬಸುರಿ ನೋಡಾಕ ಬರಿಗೈಲೆ ಬರ್ತಾರೇನಲೇ?"

ಬಸ್ಸಿನ್ಯಾಗಿದ್ದ ಹೆಣ್ಮಕ್ಕಳಿಗೆ ಅಷ್ಟೇ ಸಾಕಾತು. ಎಲ್ಲಾರೂ ಕೂಡಿ ಸೋಬಾನ ಪದ ಹಾಡಾಕ ಹತ್ತಿದ್ರು. ಇನ್ನ ಹುಲಿ ಆಂಧ್ರಕ್ಕೇ ಹೋತು ಅಂದ್ಕೊಂಡೆ. ಆದ್ರ ಇದೇನು ಹೊಸಾ ಸಪ್ಪಳ ಅಂತಲೋ ಏನೋ, ಪೊದ್ಯಾಗಿಂದ ಹೆಣ್ಣು ಹುಲಿ ಎದ್ದು ಬಂತು. ಸೀದಾ ಅವ್ವನ ಕಿಡಕಿ ಮುಂದ ಬಂದು ಕುಂತ್ಬಿಡ್ತು. ಅವ್ವ ಕೈ ಮುಗಿದ್ಲು. ಹುಲಿ ನೋಡಿದ್ಲು, ನನ್ನ ನೋಡಿದ್ಲು, ಮತ್ತ ಹುಲಿ ನೋಡಿದ್ಲು. "ಖರೇನ ಹುಲಿ ನಡುವನ ಅದೀಯಲ್ಲೋ ಮಗನ!" ಅಂತ ಕಣ್ಣೀರು ಹಾಕಿದ್ಲು. ನನಗೂ ತಡ್ಕೊಳ್ಳಾಕ ಆಗ್ಲಿಲ್ಲ.

ಆಮ್ಯಾಲೆ ಗಂಟಿಗೆ ಕೈ ಹಾಕಿ, "ಇದನ್ನ ಹಾಕ್ಲೇನು?" ಅಂದ್ಲು.

"ಹೊರಗ ಏನೂ ಒಗೀಬಾರದಬೇ, ನನ್ನ ನೌಕ್ರಿ!"

"ಬಸುರಿ ಉಡಿ ತುಂಬಾಕ ತಂದಿದ್ದು ಮನಿಗೆ ವಾಪಸ್ ಒಯ್ಯಬಾರದು" ಅಂದಾಕಿನೇ, ಅಷ್ಟನ್ನೂ ತಂದು ನನ್ನ ತೊಡಿ ಮ್ಯಾಲೆ ಸುರುವಿಬಿಟ್ಲು. ಸ್ಟೇರಿಂಗ್ ಬಿಡಂಗಿಲ್ಲ, ಏಳಂಗಿಲ್ಲ. ಹಂಗೇ ಗೇಟಿಗೆ ಬಂದೆ.

ಗೇಟಿನಾಗ ನಮ್ಮ ಸಾಹೇಬ್ರು ನಿಂತಿದ್ರು. ನನ್ನ ತೊಡಿ ಮ್ಯಾಲಿನ ಹಸರು ಖಣ ನೋಡಿದ್ರು, ಬಳಿ ನೋಡಿದ್ರು, ಸ್ಟೇರಿಂಗಿಗೆ ತಾಕಿದ್ದ ಹೊಟ್ಟಿ ನೋಡಿದ್ರು.

"ಏನ್ರಿ ಡ್ರೈವರ್, ಏನಿದು?"

ನಾ ಬಾಯಿ ತೆಗಿಯೋದ್ರೊಳಗ ಹಿಂದಿನ ಹೆಣ್ಮಕ್ಕಳೆಲ್ಲಾ ಒಂದೇ ದನಿಲೆ ಅಂದ್ರು, "ಎಂಟು ತಿಂಗಳ್ರೀ ಸಾಹೇಬ್ರ, ರಜಾ ಕೊಡ್ರಿ!"