ನಾನು ಬಿಟ್ಟುಕೊಡದ ಲಿಫ್ಟರ್ ಜಾಗ

ನನಗೆ ಸ್ವಲ್ಪ ಜಂಬ ಬಂದಾಗಲೆಲ್ಲ ಅದನ್ನು ಇಳಿಸಲು ಅಲ್ಲಾಹನು ಏನಾದರೊಂದು ಏರ್ಪಾಡು ಮಾಡುತ್ತಲೇ ಇರುತ್ತಾನೆ. ಹೆಚ್ಚಿನ ಸಲ ಅದು ವಾಲಿಬಾಲ್ ಅಂಗಳದಲ್ಲೇ ಆಗಿದೆ.

ಬೆನ್ನ ಹಿಂದಿನ ಬಾಲು

ಏಷ್ಯನ್ ಗೇಮ್ಸ್‌ಗಾಗಿ ದೋಹಾದಲ್ಲಿ ಸ್ಟೇಡಿಯಂ ಏಳುತ್ತಿದ್ದ ಕಾಲ. ನಾವು ಊರಿನವರು ಶುಕ್ರವಾರ ಸಂಜೆಯ ಅಸರ್ ನಮಾಝ್ ಮುಗಿಸಿ ಅಲ್ ವಕ್ರಾದ ಮರಳಲ್ಲಿ ನೆಟ್ ಕಟ್ಟುತ್ತಿದ್ದೆವು. ಸ್ಮ್ಯಾಶ್ ಹೊಡೆಯುವವನಿಗೆ ಬಾಲು ಎತ್ತಿಕೊಡುವ ಲಿಫ್ಟರ್ ನಾನು, ಕ್ಯಾಪ್ಟನ್ನೂ ನಾನೇ. ಹದಿನೆಂಟು ವರ್ಷದ ಅನುಭವ.

ಅಲ್ಲಿಗೆ ಉಪ್ಪಿನಂಗಡಿ ಕಡೆಯ ಎಸಿ ಮೆಕ್ಯಾನಿಕ್ ಹುಡುಗನೊಬ್ಬ ಬಂದ. ಯಾರೂ ಕಲಿಸಿದ್ದಲ್ಲ, ಆಟ ಅವನ ಬೆರಳಲ್ಲೇ ಇತ್ತು. ಮೊದಲ ದಿನವೇ ತಿರುಗಿಯೂ ನೋಡದೆ ಬಾಲನ್ನು ಬೆನ್ನ ಹಿಂದಕ್ಕೆ ಎತ್ತಿದ. ಅಂಥದ್ದನ್ನು ಕಂಡೇ ಇರದ ನಮ್ಮ ಸ್ಮ್ಯಾಶರ್ ಅದನ್ನು ಹಣೆಯಿಂದ ಹೊಡೆದ. ಬಾಲು ಎಲ್ಲಿಗೆ ಹೋಗುತ್ತದೆಂದು ನಮ್ಮವರಿಗಾದರೂ ಗೊತ್ತಿರಬೇಕು ಎಂದು ನಾನು ಬುದ್ಧಿ ಹೇಳಿದೆ.

“ನಿಮ್ಮದು ಆಚೆ ತಂಡದವರಿಗೂ ಗೊತ್ತಿರ್ತದಲ್ಲಾ ಕಾಕ,” ಎಂದ, ವಿನಯದಿಂದಲೇ.

ಇಸ್ತಿಖಾರ

ಟೂರ್ನಮೆಂಟ್ ಬಂತು. ಲಿಫ್ಟರ್ ಯಾರು ಎಂದು ತಂಡದಲ್ಲಿ ಗುಸುಗುಸು. ನಾನು ಇಸ್ತಿಖಾರ ಮಾಡಿದೆ. ದಾರಿ ತೋಚದವನು ಎರಡು ರಕಅತ್ ನಮಾಝ್ ಮಾಡಿ, ಒಳಿತಿನ ಕಡೆಗೆ ಮನಸ್ಸು ತಿರುಗಿಸು ಎಂದು ಬೇಡುವ ಪ್ರಾರ್ಥನೆ ಅದು. ಮೂರು ದಿನವೂ ನನ್ನ ಮನಸ್ಸು ನನ್ನ ಕಡೆಗೇ ತಿರುಗಿತು.

ಹೆಂಡತಿಗೆ ಹೇಳಿದೆ. ಅವಳು ಮೀನು ತೊಳೆಯುತ್ತಾ ಕೇಳಿದಳು: “ಆ ಹುಡುಗನ ಹೆಸರೂ ಹೇಳಿದ್ರಾ, ನಿಮ್ಮದು ಮಾತ್ರವಾ?”

ಮಗ್ರಿಬ್

ಫೈನಲ್ ದುಖಾನ್ ತಂಡದ ಮೇಲೆ. ಸ್ಟೇಡಿಯಂ ಕೆಲಸ ಖಲಾಸ್ ಆಗಿ ಹುಡುಗನನ್ನು ಕಂಪೆನಿ ಊರಿಗೆ ಕಳಿಸುತ್ತಿತ್ತು. ಮರುದಿನ ಬೆಳಿಗ್ಗೆಯೇ ವಿಮಾನ. ಒಂದು ಸೆಟ್ ಆಡಿಸಿ ಕಾಕ, ಸಾಕು ಎಂದು ಕೇಳಿಕೊಂಡಿದ್ದ. ಒಂದು ಸೆಟ್ ಗೆದ್ದ ಮೇಲೆ ನೋಡುವ ಎಂದೆ. ಮೊದಲನೆಯದು ಸೋತೆವು. ಎರಡನೆಯದನ್ನು ಹೇಗೋ ಗೆದ್ದೆವು, ಆಗಲೂ ನಾನು ಜಾಗ ಬಿಡಲಿಲ್ಲ. ಮೂರನೆಯದರಲ್ಲಿ ಅಂಕದಲ್ಲಿ ಹಿಂದೆ ಬಿದ್ದಾಗ ಮಂಡಿ ಕೈಕೊಟ್ಟಿತು. ಕೊನೆಗೂ ಅವನನ್ನು ಕರೆದೆ. ಅವನು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ, ಅಷ್ಟರಲ್ಲಿ ಸೂರ್ಯಾಸ್ತದ ಮಗ್ರಿಬ್ ನಮಾಝಿಗೆ ಬಾಂಗ್ ಆಯಿತು.

ನಮಾಝ್ ಮುಗಿಸಿ ಬೇಗ ಬನ್ನಿ, ಬೆಳಕಿರುವಷ್ಟು ಹೊತ್ತು ಆಡಿಸುತ್ತೇನೆ ಎಂದರು ಉಡುಪಿ ಕಡೆಯ ರೆಫರಿ. ಹಿರಿಯನೆಂದು ನಮ್ಮವರು ನನ್ನನ್ನೇ ಇಮಾಮನಾಗಿ ಮುಂದೆ ನಿಲ್ಲಿಸಿದರು. ಇಮಾಮ ಮುಗಿಸುವ ತನಕ ಹಿಂದಿನವರು ಏಳುವಂತಿಲ್ಲ. ನಿಂತದ್ದೇ ತಡ, ಆ ಹುಡುಗನಿಗೆ ಮಾಡಿದ ಅನ್ಯಾಯವೆಲ್ಲ ಎದೆಗೆ ಬಂತು. ಕುರ್‌ಆನಿನ ಉದ್ದದ ಸೂರಾ ಓದಿದೆ. ಸುಜೂದಿನಲ್ಲಿ ಹಣೆ ಮರಳಿಗಿಟ್ಟು ಕ್ಷಮೆ ಬೇಡಿದೆ, ಮತ್ತೆ ಮತ್ತೆ ಬೇಡಿದೆ. ಹಿಂದೆ ಯಾರೋ ಕೆಮ್ಮಿದರು. ಸಲಾಂ ಹೇಳಿ ನಮಾಝ್ ಮುಗಿಸಿ ತಿರುಗಿದಾಗ ಕತ್ತಲಲ್ಲಿ ನೆಟ್ಟೇ ಕಾಣುತ್ತಿರಲಿಲ್ಲ. ಮುಂದಿದ್ದ ದುಖಾನ್‌ನವರಿಗೆ ಕಪ್ ಕೊಟ್ಟರು.

ಹುಡುಗ ಮರಳಿನಲ್ಲಿ ಚಪ್ಪಲಿ ತಡಕಾಡುತ್ತಿದ್ದ. ಅವನ ಕೈ ಹಿಡಿದು, ನಿನ್ನ ವಿಷಯಕ್ಕೇ ಅಲ್ಲಾಹನಲ್ಲಿ ಅಷ್ಟು ಹೊತ್ತು ಕ್ಷಮೆ ಕೇಳಿದೆ ಮಗಾ ಎಂದೆ.

“ನನ್ನತ್ರ ಕೇಳಿದ್ರೆ ಒಂದೇ ನಿಮಿಷದಲ್ಲಿ ಆಗ್ತಿತ್ತಲ್ಲಾ ಕಾಕ,” ಎಂದ. “ನಾಲ್ಕು ಬಾಲು ಆಡ್ಲಿಕ್ಕೂ ಸಿಗ್ತಿತ್ತು.”