ಮೊಳಕೆಕಾಳಿಗೆ ಬಹಿಷ್ಕಾರ

ಬೆಳೆಯುವ ವಸ್ತುಗಳ ಮೇಲೆಲ್ಲ ಯುದ್ಧ ಸಾರಿದ ರೈತನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಇಂಡಿ ತಾಲ್ಲೂಕಿನ ಹೊರ್ತಿಯಲ್ಲಿ ಅವರದು ದ್ರಾಕ್ಷಿ ತೋಟ!

ಇದಕ್ಕೆ ಕಾರಣ ನಾನೇ. ಮಾಮನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದಾಗ, ಮನೆತನದ ಮೊದಲ ಪದವೀಧರೆ, ಅದರಲ್ಲೂ ಜೀವರಸಾಯನಶಾಸ್ತ್ರ ಓದಿದವಳು ಎಂಬ ಕಾರಣಕ್ಕೆ, ಅವರಿಗೆ ರೋಗವನ್ನು ವಿವರಿಸುವ ಹೊಣೆ ನನ್ನ ಪಾಲಿಗೆ ಬಂತು. ಒಂದು ಪದವೂ ತಪ್ಪಬಾರದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡೇ ಹೋಗಿದ್ದೆ.

"ಮಾಮಾ, ಜೀವಕೋಶಗಳಿಗೆ 'ಬೆಳೆ' ಎಂದು ಸಂದೇಶ ಕೊಡುವ ಪ್ರೋಟೀನುಗಳಿವೆ. ಅವು ಬೆಳವಣಿಗೆಯ ಅಂಶಗಳು. ಗಾಯ ಮಾಯಲು ಅವು ಬೇಕು. ಆದರೆ ಕ್ಯಾನ್ಸರಿನಲ್ಲಿ ಆ ಸಂದೇಶ ನಿಲ್ಲುವುದೇ ಇಲ್ಲ."

ಮಾಮ ಗಂಭೀರವಾಗಿ ತಲೆಯಾಡಿಸಿದರು. "ತಿಳೀತು ಬಿಡವ್ವಾ. ಒಳಗ ಯಾರೋ ಗೊಬ್ಬರ ಹಾಕಾಕತ್ತಾರ."

ಮರುದಿನದಿಂದಲೇ ಗೊಬ್ಬರ ಬಂದ್! ಮೊಳಕೆ ಬಂದ ಹೆಸರುಕಾಳು ಅಡುಗೆಮನೆಯಿಂದ ಗಡೀಪಾರಾಯಿತು. ಉಬ್ಬುವ ಇಡ್ಲಿ ಹಿಟ್ಟು ಆರೋಪಿಯಾಯಿತು. ಕೊನೆಗೆ ಮೀಸೆಯನ್ನೂ ಬೋಳಿಸಿಕೊಂಡು ಬಂದರು.

"ಮೀಸಿ ಏನ್ ಮಾಡಿತ್ರಿ ನಿಮಗ?" ಎಂದರು ಅತ್ತೆ.

"ಬೆಳ್ಯಾಕತ್ತಿತ್ತು!"

"ಹೊಟ್ಟೀನೂ ಬೆಳ್ಯಾಕತ್ತೈತಿ. ಅದನ್ನೂ ಬೋಳಸ್ಕೊಂಡ ಬರ್ರಿ!"

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ವಿಜಯಪುರದ ವೈದ್ಯರು "ಹಾರ್ಮೋನ್ ಇಂಜೆಕ್ಷನ್ ಕೊಡೋಣ" ಎಂದದ್ದೇ ತಡ, ಮಾಮ ಚಪ್ಪಲಿಯನ್ನೂ ಮರೆತು ಬಸ್ ನಿಲ್ದಾಣ ಸೇರಿದ್ದರು! ದ್ರಾಕ್ಷಿ ಬೆಳೆಯುವವರ ಪಾಲಿಗೆ ಹಾರ್ಮೋನ್ ಎಂದರೆ, ಹಣ್ಣು ದಪ್ಪಗಾಗಲೆಂದು ಗೊನೆಗಳನ್ನು ಅದ್ದುವ ದ್ರಾವಣ.

"ಜೀವಮಾನ ಪೂರ್ತಿ ಗೊನಿ ಅದ್ದೇನಿ. ಹಾರ್ಮೋನ್ ಏನ್ ಮಾಡ್ತೈತಿ ಅಂತ ನನಗ ಗೊತ್ತಿಲ್ಲೇನು? ಒಳಗಿನ ಗಡ್ಡಿ ಕುಂಬಳಕಾಯಿ ಆಗ್ಬೇಕೇನು?"

ಅವರು ಪಟ್ಟು ಸಡಿಲಿಸಲಿಲ್ಲ. ಗಡ್ಡೆಯೇನು ಕಾಯುತ್ತ ಕೂರುತ್ತದೆಯೇ? ನಾನು ತೋಟಕ್ಕೇ ಹೋದೆ. ಮಾಮ ಬಳ್ಳಿಯ ಕುಡಿ ಚಿವುಟುತ್ತಿದ್ದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಭಾಷಣದ ಒಂದು ಪದವೂ ನೆನಪಾಗಲಿಲ್ಲ.

"ಮಾಮಾ, ಕುಡಿ ಹುಚ್ಚಾಪಟ್ಟಿ ಬೆಳದ್ರ ತಡ್ಯಾಕ ಔಷಧ ಹೊಡಿತೀರಿ, ಹೌದಲ್ರಿ?"

"ಹೌದು. ಹೊಡೀದಿದ್ರ ಬರೇ ಎಲಿನ, ಹಣ್ಣಿಲ್ಲ."

"ಈ ಇಂಜೆಕ್ಷನ್ನೂ ತಡಿಯೂದರಿ. ಗಂಡಸರ ಹಾರ್ಮೋನ್ ಆ ಗಡ್ಡಿಗೆ ಬೆಳಿ ಬೆಳಿ ಅಂತೈತಿ. ಇದು ಅದರ ಬಾಯಿ ಮುಚ್ಚಸ್ತೈತಿ."

ಮಾಮನ ಕೈ ನಿಂತಿತು. "ಆಮ್ಯಾಲ ಸುಮ್ನ ಇರ್ತೈತೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಭಾಳ ದಿನ ಇರಬಹುದ್ರಿ. ಮುಂದ ಒಮ್ಮೊಮ್ಮೆ ಗಡ್ಡಿ ತನಗ ಬೇಕಾದ ಬೆಳವಣಿಗಿ ಅಂಶ ತಾನ ತಯಾರ ಮಾಡ್ಕೊಂತೈತಿ. ಅದಕ್ಕ ತಪಾಸಣಿ ತಪ್ಪಸಬಾರದು."

"ಎಲಾ ಕಳ್ಳ ಭಾಡ್ಯಾ! ಒಳಗ ಸ್ವಂತ ಗೊಬ್ಬರದ ಅಂಗಡಿ ಇಡ್ತಾನಂತ!" ಮಾಮ ಕೈ ಒರೆಸಿಕೊಂಡರು. "ನಡಿ, ಇಡೂದರಾಗ ಬೀಗ ಹಾಕೂಣು."

ಇಂಜೆಕ್ಷನ್ ಆಯಿತು. ಮುಂದಿನ ರಕ್ತಪರೀಕ್ಷೆಯ ಫಲಿತಾಂಶ ಸಮಾಧಾನಕರವಾಗಿ ಬಂತು. ಅತ್ತೆ ಆ ದಿನವೇ ಹೆಸರುಕಾಳು ನೆನೆಹಾಕಿದರು. ಮಾಮನ ಬಹಿಷ್ಕಾರ ಮಾತ್ರ ಸಡಿಲಲಿಲ್ಲ. ನಾನು ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದರೆ, ಮಾಮ ಕೈಹಿಡಿದು ಪಡಸಾಲೆಯ ಬಾಗಿಲಿಗೆ ಕರೆದೊಯ್ದರು.

ತಂದೆಯನ್ನು ಕಳೆದುಕೊಂಡು ಈ ಮನೆಗೆ ಬಂದ ಮೇಲೆ, ಪ್ರತಿ ಯುಗಾದಿಗೆ ಮಾಮ ನನ್ನನ್ನು ಆ ಚೌಕಟ್ಟಿಗೆ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಮನೆಗೆ ಎಷ್ಟು ಸಲ ಬಣ್ಣ ಬಳಿಸಿದರೂ ಆ ಗೆರೆಗಳನ್ನು ಯಾರಿಗೂ ಮುಟ್ಟಗೊಟ್ಟವರಲ್ಲ.

ಈಗಲೂ ನಿಲ್ಲಿಸಿದರು. ತಾವು ಸ್ಟೂಲು ಹತ್ತಿ, ನನ್ನ ತಲೆಗಿಂತ ಬಹಳ ಮೇಲೆ ಗೆರೆ ಎಳೆದರು.

"ಮಾಮಾ, ನಾ ಅಷ್ಟ ಎತ್ತರ ಇಲ್ರಿ!"

"ಗೊತ್ತೈತಿ," ಎಂದರು ಮಾಮ, ಬೋಳು ತುಟಿಯಲ್ಲಿ ನಗುತ್ತ. "ಉಳದದ್ದೆಲ್ಲಾ ಬಂದ್ ಮಾಡೇನಿ. ಈ ಮನ್ಯಾಗ ಇನ್ನ ಬೆಳ್ಯಾಕಿ ನೀ ಒಬ್ಬಾಕಿನ."